ಇಂಚರಳ ಅಮ್ಮ

ಬೀಡಿ ಕಟ್ಟುವವರ ಕೈಗೆ ಬಿಡುವಿಲ್ಲ, ಕಣ್ಣಿಗೂ ಇಲ್ಲ. ಬಿಡುವಿರುವುದು ಕಿವಿಗೆ ಮಾತ್ರ. ಅದಕ್ಕೇ ನಮ್ಮ ವೇಣೂರಿನ ಕಡೆ ಮಧ್ಯಾಹ್ನದ ಊಟ ಮುಗಿಸಿ ನಾಲ್ಕು ಹೆಂಗಸರು ಒಂದು ಜಗಲಿಯಲ್ಲಿ ಮೊರ ಇಟ್ಟುಕೊಂಡು ಕೂತರೆ, ಓದಲು ಬರುವ ಒಂದು ಮಗುವನ್ನು ಹಿಡಿದು ತಂದು ನಡುವೆ ಕೂರಿಸುತ್ತಿದ್ದರು. ಮಗು ವಾರಪತ್ರಿಕೆಯ ಧಾರಾವಾಹಿ ಓದಬೇಕು, ಹೆಂಗಸರು ಎಲೆ ಸುತ್ತುತ್ತಾ ಕೇಳಬೇಕು. ಈಗ ಬೀಡಿ ಕಟ್ಟುವವರೇ ಕಡಿಮೆ. ಇದ್ದವರ ಪಕ್ಕದಲ್ಲೂ ಮೊಬೈಲು ಹಾಡುತ್ತಿರುತ್ತದೆ. ನಮ್ಮ ಜಗಲಿಯಲ್ಲಿ ಮಾತ್ರ ಓದು ನಿಂತಿರಲಿಲ್ಲ. ನನ್ನ ಅತ್ತೆ ಪೂವಮ್ಮ ಹೇಳುವುದು ಒಂದೇ ಮಾತು: "ಮೊಬೈಲಿಗೆ ನಿಲ್ಲು, ಅದನ್ನು ಇನ್ನೊಮ್ಮೆ ಹೇಳು ಅಂದ್ರೆ ಕೇಳ್ತದಾ?"

ನಮ್ಮಲ್ಲಿ ಓದುತ್ತಿದ್ದವಳು ನನ್ನ ಮಗಳು ಮೋಕ್ಷಿತಾ. ಮೂರನೇ ಕ್ಲಾಸಿನಲ್ಲಿ ಶುರು ಮಾಡಿದಳು. ಅವಳಿಗಿಂತ ಮೊದಲು ಓದುತ್ತಿದ್ದ, ಪಕ್ಕದ ಮನೆಯ ಜಲಜಕ್ಕನ ಮಗ ಪ್ರತಿ ವಾಕ್ಯದ ಕೊನೆಗೆ ಮೂಗು ಎಳೆಯುತ್ತಿದ್ದ. ಯಾರು ಸತ್ತರು, ಯಾರಿಗೆ ಮದುವೆಯಾಯಿತು ಎಂದೇ ನಮಗೆ ತಿಳಿಯುತ್ತಿರಲಿಲ್ಲ. ಮೋಕ್ಷಿ ಹಾಗಲ್ಲ. ಕೆಟ್ಟವನ ಮಾತಿಗೆ ಒಂದು ಸ್ವರ, ಮುದುಕಿಯ ಮಾತಿಗೆ ಇನ್ನೊಂದು. ಅಳುವ ಜಾಗ ಬಂದರೆ ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಳು. ನನ್ನ ಕಣ್ಣು ತುಂಬಿದ್ದರೆ ಅವಳ ಸ್ವರ ಇಳಿದು ಹೋಗುತ್ತಿತ್ತು, ಕೆಲವು ಸಲ ಆ ಭಾಗವನ್ನೇ ಹಾರಿಸಿಬಿಡುತ್ತಿದ್ದಳು. ಅದಕ್ಕಾಗಿ ಎಷ್ಟೋ ಸಲ ಅಳು ನುಂಗಿಕೊಂಡು ನೂಲು ಸುತ್ತಿದ್ದೇನೆ, ಅವಳ ಓದು ಕೆಡಬಾರದು ಎಂದು.

"ವಾರಿಜ, ನಿನ್ನ ಮಗಳ ಸ್ವರ ರೇಡಿಯೋದವರಿಗೆ ಕೊಡ್ಬೇಕಿತ್ತು ಮಾರಾಯ್ತಿ" ಎಂದು ಜಲಜಕ್ಕ ಹೇಳಿದಾಗ ನಾನು ಕೇಳಿಸದವಳ ಹಾಗೆ ಎಲೆ ಕತ್ತರಿಸುತ್ತಿದ್ದೆ. ಹೌದು ಎಂದರೆ ದೃಷ್ಟಿಯಾಗುತ್ತದೆ ಎಂಬ ಭಯ. ಆದರೆ ಆ ಸ್ವರ ನನ್ನದು ಎಂದು ನನಗೆ ಗೊತ್ತಿತ್ತು.

ಈ ಜೂನಿನಲ್ಲಿ ಅವಳು ಮೂಡುಬಿದಿರೆಯಲ್ಲಿ ಪಿಯುಸಿಗೆ ಸೇರಿದಳು. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೆ. ಜಗಲಿಯ ಓದು ಶನಿವಾರ, ಆದಿತ್ಯವಾರಕ್ಕೆ ಇಳಿಯಿತು, ಆಮೇಲೆ ಅದೂ ನಿಂತಿತು. ಅದಕ್ಕೆ ನಾನು ಬೇಸರ ಮಾಡಿಕೊಳ್ಳಲಿಲ್ಲ. ಸಂಜೆ ಚಾ ಕುಡಿಯುವಾಗ ಅವಳು ನನಗೆ ಕಾಲೇಜಿನ ಸುದ್ದಿ ಹೇಳುತ್ತಿದ್ದಳಲ್ಲ, ಅದು ಯಾವ ಧಾರಾವಾಹಿಗೂ ಕಡಿಮೆ ಇರಲಿಲ್ಲ. ಪ್ರಾಪ್ತಿ ಎಂಬ ಗೆಳತಿ, ಅಶ್ವಿತಾ ಎಂಬ ಇನ್ನೊಬ್ಬಳು. ಅಶ್ವಿತಾ ಲ್ಯಾಬಿನಲ್ಲಿ ಗಾಜಿನ ಕೊಳವೆ ಒಡೆದು ಪ್ರಾಪ್ತಿಯ ಬ್ಯಾಗಿನಲ್ಲಿ ಅಡಗಿಸಿದ್ದು, ಪ್ರಾಪ್ತಿಯ ಅಮ್ಮ ಮಾಡಿ ಕಳಿಸಿದ ಸ್ಯಾಂಡ್‌ವಿಚ್ಚು. ಆ ಸ್ಯಾಂಡ್‌ವಿಚ್ಚಿನ ಸುದ್ದಿ ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾದದ್ದು ಹೌದು. ನಮ್ಮ ಮನೆಯವರು ಬೆಳ್ತಂಗಡಿಗೆ ಹೋದಾಗ ಬ್ರೆಡ್ಡು ತರಿಸಿ ನಾನೂ ಮಾಡಿದೆ. "ಪ್ರಾಪ್ತಿಯೇ ಅರ್ಧ ತಿಂದಳು ಅಮ್ಮ" ಎಂದಳು ಮಗಳು. ನಾನು ಒಳಗೆ ಹೋಗಿ ಒಬ್ಬಳೇ ನಕ್ಕೆ.

ನವೆಂಬರಿನಲ್ಲಿ ಆ ಪುಸ್ತಕ ಮನೆಗೆ ಬಂತು.

ಕಾಲೇಜಿನ ಲೈಬ್ರರಿಯದ್ದು. ಮೇಲ್ಗಡೆ ಹಳದಿ ಕೊಡೆ ಹಿಡಿದು ಬೆನ್ನು ತಿರುಗಿಸಿ ನಿಂತ ಹುಡುಗಿಯ ಚಿತ್ರ. ಹರೆಯದ ಮಕ್ಕಳಿಗಾಗಿಯೇ ಬರೆದ ಕಾದಂಬರಿಯಂತೆ. ಕಥೆಯ ಹುಡುಗಿಯ ಹೆಸರು ಇಂಚರ, ಅವಳಿಗೂ ನನ್ನ ಮಗಳಷ್ಟೇ ಪ್ರಾಯ. ಮೋಕ್ಷಿ ಅದನ್ನು ಹಿಂಬಾಗಿಲ ಮೆಟ್ಟಿಲಲ್ಲಿ ಕೂತು ಓದಿದಳು, ಕೂದಲಿಗೆ ಎಣ್ಣೆ ಹಾಕಿಸಿಕೊಳ್ಳುತ್ತಾ ಓದಿದಳು. ತನ್ನಷ್ಟಕ್ಕೆ ನಗುವುದು, ಇದ್ದಕ್ಕಿದ್ದ ಹಾಗೆ ಪುಸ್ತಕ ಮಡಚಿ ಎದೆಗೆ ಒತ್ತಿ ಎಲ್ಲಿಗೋ ನೋಡುವುದು. ಎಣ್ಣೆಯ ಕೈಯಲ್ಲಿ ನಾನು ಹಿಂದೆ ನಿಂತೇ ಇದ್ದೆ.

"ಎಂತ ಮಗಾ ಅಷ್ಟು ನಗು? ಜಗಲಿಗೆ ಬಾ, ಓದು, ನಾವೂ ನಗಾಡ್ತೇವೆ."

"ಇದು ಓದಿ ಹೇಳುವ ಪುಸ್ತಕ ಅಲ್ಲ ಅಮ್ಮ."

ಅತ್ತೆ ಜಗಲಿಯಿಂದಲೇ ಕೇಳಿದರು, "ಹೇಳ್ಲಿಕ್ಕಾಗದ್ದು ಅದರಲ್ಲಿ ಎಂತ ಉಂಟು? ಅಂಥದ್ದನ್ನೆಲ್ಲ ಮನೆಗೆ ಯಾಕೆ ತಂದದ್ದು?"

"ಅಂಥದ್ದಲ್ಲ ಅಜ್ಜಿ! ಇದು ಒಬ್ಬರೇ ಓದುದು. ಮನಸ್ಸಲ್ಲಿ."

ಮನಸ್ಸಲ್ಲಿ ಓದಲಿ ಎಂದು ಸುಮ್ಮನಾದೆ. ಮಕ್ಕಳು ದೊಡ್ಡವರಾಗುತ್ತಾರೆ, ಅವರಿಗೆ ಅವರದ್ದೇ ಎಂದು ಏನಾದರೂ ಬೇಕಾಗುತ್ತದೆ. ನನಗೂ ಆ ಪ್ರಾಯ ಇತ್ತಲ್ಲ.

ಎರಡು ದಿನ ಕಳೆದಿರಬೇಕು. ಬಂಗುಡೆ ಸಾರು ಮಾಡಿದ್ದೆ, ಒಂದು ಬಟ್ಟಲಲ್ಲಿ ಹಾಕಿ ಕುಸುಮಳಿಗೆ ಕೊಡುವ ಎಂದು ಹೋದೆ. ಕುಸುಮ ನನ್ನ ಮೈದುನ ವಸಂತನ ಹೆಂಡತಿ, ಚಾರ್ಮಾಡಿ ಕಡೆಯವಳು. ಮದುವೆಯಾಗಿ ಬಂದು ಒಂದು ವರ್ಷವಾಗಿದೆಯಷ್ಟೆ, ಪಕ್ಕದಲ್ಲೇ ಮನೆ. ಡಿಗ್ರಿ ಆಗಿದೆ, ಬೆಳಿಗ್ಗೆ ಹಾಲಿನ ಸೊಸೈಟಿಯಲ್ಲಿ ಕೂರುತ್ತಾಳೆ. ಕಿಟಕಿಯ ಹತ್ತಿರ ಬರುವಾಗ ಸ್ವರ ಕೇಳಿತು. ಕೆಟ್ಟವರಿಗೆ ಒಂದು, ಮುದುಕಿಯರಿಗೆ ಒಂದು ಎಂದು ನಾನು ಬಲ್ಲ ಸ್ವರಗಳಲ್ಲಿ ಯಾವುದೂ ಅಲ್ಲ. ಮೆಲ್ಲಗೆ, ಯಾವ ವೇಷವೂ ಇಲ್ಲದ ಸ್ವರ. ಮೋಕ್ಷಿ ಓದುತ್ತಿದ್ದಳು. ಕುಸುಮ ಒಗೆದ ಬಟ್ಟೆ ಮಡಚುತ್ತಾ, "ಅಯ್ಯೋ ಪಾಪ, ಮತ್ತೆ?" ಎಂದಳು. ಮೋಕ್ಷಿ ಪುಸ್ತಕ ಕೆಳಗಿಟ್ಟು ಏನೋ ಹೇಳಿದಳು, ಅದು ಪುಸ್ತಕದ್ದಲ್ಲ, ಅವಳದ್ದೇ ಮಾತು. ಕುಸುಮ ಮಡಚುವುದನ್ನು ಬಿಟ್ಟು ಅವಳ ತಲೆಯ ಮೇಲೆ ಕೈಯಿಟ್ಟಳು.

ನಾನು ಸಾರಿನ ಬಟ್ಟಲು ಹಿಡಿದುಕೊಂಡು ಹಾಗೆಯೇ ಹಿಂದೆ ಬಂದೆ.

"ಕುಸುಮ ಇರ್ಲಿಲ್ವಾ?" ಅತ್ತೆ ಕೇಳಿದರು.

"ಇದ್ದಳು."

"ಮತ್ತೆ ಸಾರು?"

"ಅವಳಿಗೆ ಇವತ್ತು ಮೀನು ಬೇಡವಂತೆ."

"ಬಂಗುಡೆ ಬೇಡವಂತಾ? ಚಾರ್ಮಾಡಿಯವಳಿಗೆ?" ಅತ್ತೆಯ ಕಣ್ಣು ಅಗಲವಾಯಿತು. "ಯಾವಾಗಿಂದ ಹಾಗೆ?" ಮರುದಿನ ಬೆಳಿಗ್ಗೆ ಸೊಸೈಟಿಗೆ ಹೊರಟವಳನ್ನು ಅಂಗಳದಲ್ಲಿ ನಿಲ್ಲಿಸಿ, ಬಸಿರಿರಬಹುದೇ ಎಂದು ಕಣ್ಣಿನ ಕೆಳಗಿನ ಚರ್ಮ ಎಳೆದು ನೋಡಿದರು. ಕುಸುಮ ಏನೂ ಗೊತ್ತಾಗದೆ ನನ್ನ ಕಡೆ ನೋಡಿದಳು. ನಾನು ತುಳಸಿಗೆ ನೀರು ಹಾಕುತ್ತಿದ್ದೆ.

ಕುಸುಮ ಕೆಟ್ಟವಳಾಗಿದ್ದರೆ ನನಗೆ ಸುಲಭವಿತ್ತು. ಅವಳಿಗೆ ಸೊಕ್ಕಿಲ್ಲ, ಜ್ವರ ಬಂದಾಗ ನನ್ನ ತಲೆಗೆ ಒದ್ದೆ ಬಟ್ಟೆ ಹಾಕಿದವಳು ಅವಳೇ. ಆದರೂ ಆ ದಿನದಿಂದ ಅವಳದ್ದೆಲ್ಲ ನನ್ನ ಕಣ್ಣಿಗೆ ಚುಚ್ಚತೊಡಗಿತು. ಕೂದಲಿಗೆ ಸಿಕ್ಕಿಸಿದ ದೊಡ್ಡ ಕ್ಲಿಪ್ಪು, ತಂಬಾಕಿನ ವಾಸನೆಯಿಲ್ಲದ ಅವಳ ಬೆರಳು, ಮೋಕ್ಷಿಯನ್ನು 'ಮೋಕ್ಷು' ಎಂದು ಅವಳು ಕರೆಯುವ ರೀತಿ. ಹೆಸರು ಇಟ್ಟದ್ದು ನಾನು, ಅದನ್ನು ಮುದ್ದಿಗೆಂದು, ಕೊಂಗಾಟಕ್ಕೆ, ತುಂಡು ಮಾಡಿದ್ದೂ ನಾನು. ಇವಳು ಅದಕ್ಕೆ ಇನ್ನೊಂದು ಬಾಲ ಹಚ್ಚಿದ್ದಳು.

ಸಾಕಾಗಿ ಪುಸ್ತಕವನ್ನೇ ಓದಲು ಶುರು ಮಾಡಿದೆ. ಬ್ಯಾಗು ಭಾರವೆಂದು ಮೋಕ್ಷಿ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದಳು. ಬೀಡಿ ಎಲೆ ನೆನೆಸಿ ನೀರು ಬಸಿಯುವ ತನಕ ಒಂದಿಷ್ಟು, ಗಂಜಿ ಬೇಯುವ ತನಕ ಒಂದಿಷ್ಟು. ಕೈ ಒರೆಸಿಕೊಂಡೇ ಮುಟ್ಟುತ್ತಿದ್ದೆ.

ಪುಸ್ತಕ ಚೆನ್ನಾಗಿಲ್ಲ ಎನ್ನಲು ಆಗುವುದಿಲ್ಲ. ಇಂಚರ ಮುಟ್ಟಿನ ದಿನ ಬಸ್ಸಿನಲ್ಲಿ ನಿಂತು, ಬ್ಯಾಗನ್ನು ಹೊಟ್ಟೆಗೆ ಒತ್ತಿ ಹಿಡಿದು, ಸುತ್ತಲಿನವರಿಗೆ ಗೊತ್ತಾಗಿರಬಹುದೇ ಎಂದು ಒಬ್ಬೊಬ್ಬರ ಮುಖ ನೋಡುವ ಒಂದು ಜಾಗ ಇದೆ. ಅದನ್ನು ಓದಿ ನಾನು ಸೌಟು ಹಿಡಿದು ನಿಂತುಬಿಟ್ಟೆ. ಬಂಟ್ವಾಳದ ತವರಿನಿಂದ ಹೈಸ್ಕೂಲಿಗೆ ಹೋಗುತ್ತಿದ್ದಾಗ ನಾನು ಹೀಗೆಯೇ ನಿಂತಿದ್ದೆ. ಯಾರಿಗೂ ಹೇಳಿರಲಿಲ್ಲ. ಬರೆದವರಿಗೆ ಇದು ಹೇಗೆ ಸಿಕ್ಕಿತು?

ನನಗೆ ಆಗದೇ ಇದ್ದದ್ದು ಇಂಚರಳ ಅಮ್ಮ. ಅವಳಿಗೆ ಬ್ಯಾಂಕಿನಲ್ಲಿ ಕೆಲಸ. ಸಂಜೆ ಬಂದು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಾಳೆ. ಮಗಳ ಮಂಚದ ತುದಿಯಲ್ಲಿ ಕೂತು, "ನಿನ್ನ ಮೌನವೂ ನನಗೆ ಕೇಳಿಸುತ್ತದೆ ಪುಟ್ಟಾ" ಎನ್ನುತ್ತಾಳೆ. ನನಗೆ ಆ ಹೊತ್ತಿಗೆ ಕುಕ್ಕರಿನ ಕೂಗು ಮಾತ್ರ ಕೇಳಿಸುತ್ತಿತ್ತು. ಆ ಮನೆಯಲ್ಲಿ ಪಾತ್ರೆ ಯಾರು ತೊಳೆಯುತ್ತಾರೆ ಎಂದು ಎಲ್ಲಿಯೂ ಬರೆದಿಲ್ಲ. ಅತ್ತೆಯೊಬ್ಬರು ಇದ್ದ ಹಾಗೆಯೂ ಕಾಣುವುದಿಲ್ಲ. ಹೀಗೆಲ್ಲ ಮಾತಾಡುವ ಅಮ್ಮಂದಿರು ನಿಜವಾಗಿ ಇರುತ್ತಾರಾ? ಇರಬಹುದು. ನನ್ನ ಮಗಳು ಪುಸ್ತಕವನ್ನು ಎದೆಗೊತ್ತಿ ಹಿಡಿದದ್ದು ಅಂಥ ಜಾಗದಲ್ಲೇ ಇರಬೇಕು ಎಂದು ಅನಿಸಿ ಪುಟ ಮಗುಚುವಾಗ ಬೆರಳು ಬಿಸಿಯಾಗುತ್ತಿತ್ತು. ಅವಳು ಬರೀ ಕಾಗದದ ಮೇಲಿನ ಹೆಂಗಸು. ಆದರೂ ಇವಳ ಮುಂದೆ ಕುಸುಮ ಎಷ್ಟೋ ವಾಸಿ ಎನ್ನಿಸುವಷ್ಟು ಹೊಟ್ಟೆ ಉರಿಯಿತು.

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ನಾವು ಜಗಲಿಯಲ್ಲಿ ಕೂತಿದ್ದೆವು. ಅತ್ತೆ, ಜಲಜಕ್ಕ, ಆಚೆ ಮನೆಯ ಇಬ್ಬರು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ.

"ಕಿವಿಗೆ ತುಕ್ಕು ಹಿಡೀತು" ಎಂದರು ಅತ್ತೆ. "ಮೋಕ್ಷಿ ಓದುದು ಬಿಟ್ಟ ಮೇಲೆ ಒಂದು ಒಳ್ಳೆ ಜಗಳ ಕೇಳ್ಲಿಲ್ಲ."

"ಅವಳು ಈಗ ಚಿಕ್ಕಮ್ಮನಿಗೆ ಮಾತ್ರ ಓದುದಂತೆ ಅಲ್ವಾ ವಾರಿಜ?" ಜಲಜಕ್ಕ ನೂಲನ್ನು ಹಲ್ಲಿನಲ್ಲಿ ಕಡಿದು ಹೇಳಿದಳು. "ನಮ್ಮ ಕುಸುಮನಿಗೆ. ನಮಗೆಲ್ಲ ಅರ್ಥ ಆಗ್ಲಿಕ್ಕಿಲ್ಲ, ಪಾಪ."

ಅವಳಿಗೂ ಗೊತ್ತಿತ್ತು. ಊರಿಗೇ ಗೊತ್ತಿತ್ತು. ನಾನು ಮೊರ ಕೆಳಗಿಟ್ಟು ಎದ್ದೆ. "ಅವಳು ಓದದಿದ್ರೆ ಎಂತ? ನನಗೂ ಅಕ್ಷರ ಬರ್ತದೆ."

ಪುಸ್ತಕ ತಂದು, ನಾನು ನಿಲ್ಲಿಸಿದ್ದ ಪುಟ ಬಿಡಿಸಿದೆ. ಹಿಂದಿನ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಓದತೊಡಗಿದೆ. ಇಂಚರ ಹೊಸ ಕಾಲೇಜಿಗೆ ಸೇರಿದ್ದಾಳೆ. ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಎಲ್ಲರೂ ಗುಂಪು ಗುಂಪಾಗಿ ಕೂರುತ್ತಾರೆ, ಇವಳನ್ನು ಯಾರೂ ಕರೆಯುವುದಿಲ್ಲ. ಇವಳು ಡಬ್ಬಿ ಹಿಡಿದುಕೊಂಡು ಯಾರೋ ಕಾಯುತ್ತಿದ್ದಾರೆ ಎಂಬಂತೆ ಬೇಗ ಬೇಗ ನಡೆದು ಮೆಟ್ಟಿಲ ಕೆಳಗೆ, ಪೊರಕೆ ಬಕೇಟು ಇಡುವಲ್ಲಿ ಕೂತು ಒಬ್ಬಳೇ ತಿನ್ನುತ್ತಾಳೆ.

"ಊಟ ಮಾಡ್ಲಿಕ್ಕೆ ಜನ ಬೇಕಾ?" ಅತ್ತೆ ಕೇಳಿದರು. "ಬಾಯಿ ಇವಳದ್ದೇ ಅಲ್ವಾ?"

"ಯಾರೂ ಸೇರಿಸದಿದ್ರೆ ಇವಳಲ್ಲೇ ಎಂತಾದ್ರೂ ಇರ್ಬೇಕು" ಎಂದಳು ಜಲಜಕ್ಕ.

ಎಲ್ಲರೂ ಕೇಳುತ್ತಿದ್ದರು, ಎಲ್ಲರ ಕೈ ಓಡುತ್ತಿತ್ತು. ಎಷ್ಟೋ ತಿಂಗಳ ಮೇಲೆ ನನ್ನ ಜಗಲಿ ಮತ್ತೆ ಜಗಲಿಯಾಗಿತ್ತು. ನನಗೆ ಉಮೇದು ಬಂತು. ಮುಂದಿನ ಪುಟದಲ್ಲಿ ಇಂಚರ ಮನೆಗೆ ಹೋಗಿ ಅಮ್ಮನ ಹತ್ತಿರ ಹೇಳುತ್ತಾಳೆ: 'ಅಮ್ಮ, ಇವತ್ತು ಮೇಖಲಾ ಪೂರಿ ತಂದಿದ್ದಳು, ನನಗೇ ಜಾಸ್ತಿ ಕೊಟ್ಟಳು.' ಆ ಮಾತನ್ನು ನಾನು ಸ್ವರ ಬದಲಿಸಿ, ಮೂಗಿನಲ್ಲಿ ಎಳೆದು, ಕತ್ತು ಕೊಂಕಿಸಿ ಓದಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು.

"ಎಂತ ಸುಳ್ಳಿ ಮಾರಾಯ್ತಿ!" ಅತ್ತೆಗೆ ಕೆಮ್ಮು ಬಂತು. "ಇನ್ನೊಮ್ಮೆ ಓದು, ಇನ್ನೊಮ್ಮೆ!"

ಇನ್ನೊಮ್ಮೆ ಓದಿದೆ, ಮೊದಲಿಗಿಂತ ಉದ್ದ ಎಳೆದು. ನಗುತ್ತಾ ತಲೆಯೆತ್ತಿದರೆ ಅಂಗಳದಲ್ಲಿ ಮೋಕ್ಷಿ ನಿಂತಿದ್ದಳು. ಶನಿವಾರ ಅವಳಿಗೆ ಅರ್ಧ ದಿನ. ಯಾವತ್ತೂ ಬಸ್ಸು ಸಿಗದೆ ತಡವಾಗುತ್ತಿತ್ತು, ಅಂದು ಸಿಕ್ಕಿತ್ತು.

ಅವಳು ಅಳಲಿಲ್ಲ, ಬೈಯಲಿಲ್ಲ. ಜಗಲಿ ಹತ್ತಿ ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಳು. ಕಿತ್ತುಕೊಂಡಿದ್ದರೆ ಒಳ್ಳೆಯದಿತ್ತು, ಮೆಲ್ಲಗೆ ತೆಗೆದುಕೊಂಡಳು, ಲೈಬ್ರರಿಯಲ್ಲಿ ತೆಗೆದುಕೊಳ್ಳುವ ಹಾಗೆ. ಒಳಗೆ ಹೋದಳು. ಬಚ್ಚಲಿನ ಬಾಗಿಲು ಹಾಕಿದ ಶಬ್ದ, ನಳ್ಳಿ ಬಿಟ್ಟ ಶಬ್ದ ಕೇಳಿತು. ಬಕೇಟು ತುಂಬಿ ಹೊರಗೆ ಹರಿದರೂ ನಳ್ಳಿ ನಿಲ್ಲಲಿಲ್ಲ.

"ಅವಳಿಗೆ ಎಂತ ಆಯ್ತು?" ಜಲಜಕ್ಕ ಕೇಳಿದಳು. "ನಾವು ನಗಾಡಿದ್ದು ಪುಸ್ತಕದ ಹುಡುಗಿಗಲ್ವಾ?"

ನಾನು ಒಂದು ಎಲೆ ತೆಗೆದುಕೊಂಡು ಸುತ್ತಿದೆ. ಬಿಚ್ಚಿ ಹೋಯಿತು. ಮತ್ತೆ ಸುತ್ತಿದೆ. ಮೇಖಲಾ ತಂದ ಪೂರಿ. ಪ್ರಾಪ್ತಿ ತಿಂದ ಅರ್ಧ ಸ್ಯಾಂಡ್‌ವಿಚ್ಚು. ಎಲೆ ಕೈಯಲ್ಲೇ ಹರಿಯಿತು.

ಸಂಜೆ ಕುಸುಮ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಹೋಗಿ ಬಾಳೆಯ ಬುಡದಲ್ಲಿ ನಿಂತೆ.

"ಕುಸುಮ, ಪ್ರಾಪ್ತಿ ಅಂತ ಒಬ್ಬಳು ಹುಡುಗಿ ಇದ್ದಾಳಾ?"

ಅವಳು ಕೈ ನಿಲ್ಲಿಸಿದಳು. "ಇದ್ದಾಳೆ ಅಕ್ಕ. ಇವಳೊಟ್ಟಿಗೆ ಇಲ್ಲ, ಅಷ್ಟೆ."

"ಯಾವಾಗಿಂದ?"

"ಜುಲೈಯಿಂದ ಇರ್ಬೇಕು. ಮೊದಲು ಸೇರಿಸ್ತಿದ್ರಂತೆ."

ಜುಲೈಯಿಂದ. ಅಂದರೆ ಆಮೇಲೆ ಹೇಳಿದ ಗಾಜಿನ ಕೊಳವೆಯೂ ಸುಳ್ಳು. ನಾನು ಚಾದ ಲೋಟ ಹಿಡಿದು ಎಷ್ಟು ನಕ್ಕಿದ್ದೆ ಅದಕ್ಕೆ.

"ನಿನಗೆ ಎಲ್ಲ ಗೊತ್ತಿತ್ತು" ಎಂದೆ. ನನ್ನ ಸ್ವರ ನನಗೇ ಚಂದ ಕೇಳಲಿಲ್ಲ. "ಒಂದು ಮಾತು ನನಗೆ ಹೇಳ್ಲಿಕ್ಕೆ ನಿನಗೆ ಆಗ್ಲಿಲ್ಲ. ನಾನು ಅವಳ ಅಮ್ಮ."

"ಹೇಳ್ಬಾರ್ದು ಅಂತ ಮಾತು ತಗೊಂಡಿದ್ದಳು ಅಕ್ಕ. ಅಮ್ಮನಿಗೆ ಬೇಜಾರಾಗ್ತದೆ, ಅಮ್ಮ ಊಟ ಬಿಡ್ತಾಳೆ ಅಂತ."

"ನಿನಗೆ ಬೇಜಾರಾಗುದಿಲ್ವಾ?"

"ಆಗ್ತದೆ." ಕುಸುಮ ಸೆರಗಿನಲ್ಲಿ ಕೈ ಒರೆಸಿದಳು. "ಆದ್ರೆ ನನಗೆ ಬೇಜಾರಾದ್ರೆ ಅವಳಿಗೆ ಅಷ್ಟು ಭಾರ ಆಗುದಿಲ್ಲ. ನಿಮ್ಮದಾದ್ರೆ ಆಗ್ತದೆ."

ಅದು ಸಮಾಧಾನದ ಮಾತು ಎಂದು ನನಗೆ ಗೊತ್ತಾಯಿತು. ಆದರೂ ಅದನ್ನು ಹೇಳುವಷ್ಟು ನನ್ನ ಮಗಳನ್ನು ಅವಳು ತಿಳಿದುಕೊಂಡಿದ್ದಾಳಲ್ಲ ಎಂದು ಇನ್ನೊಮ್ಮೆ ಉರಿಯಿತು. "ಪಾತ್ರೆಗೆ ಇರುವೆ ಬರ್ತದೆ, ಒಳಗಿಡು" ಎಂದು ಏನೋ ಹೇಳಿ ಬಂದೆ.

ಆದಿತ್ಯವಾರ ಮೋಕ್ಷಿ ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಬೇರೆ ಮಾತಿಲ್ಲ. ಅನ್ನ ಬೇಕಾ ಎಂದರೆ ಬೇಕು, ಸಾಕಾ ಎಂದರೆ ಸಾಕು. ಕುಸುಮಳ ಮನೆಗೂ ಹೋಗಲಿಲ್ಲ. ಮಧ್ಯಾಹ್ನ ಅತ್ತೆ ಜಗಲಿಯಿಂದ ಕೂಗಿದರು, "ಆ ಸುಳ್ಳಿಯದ್ದು ಮುಂದೆ ಎಂತ ಆಯ್ತು, ಓದು ಮಾರಾಯ್ತಿ!"

"ಅದು ನಮಗೆ ಓದ್ಲಿಕ್ಕಿರುವ ಪುಸ್ತಕ ಅಲ್ಲ ಅತ್ತೆ" ಎಂದೆ. ಒಳಗಿದ್ದವಳಿಗೆ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. "ಆ ಹುಡುಗಿಗೆ ನಗಾಡಿದ್ದು ನನ್ನದೇ ತಪ್ಪು."

"ಪುಸ್ತಕದವಳಿಗೆ ಎಂತ ತಪ್ಪು?" ಅತ್ತೆ ಗೊಣಗಿದರು. ಆಮೇಲೆ ನನ್ನ ಮುಖ ನೋಡಿ, ಬಾಗಿಲ ಕಡೆ ನೋಡಿ, ಬಾಯಿ ಮುಚ್ಚಿಕೊಂಡರು. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಸಂಜೆ ಮೊಮ್ಮಗಳಿಗೆ ಹಲಸಿನ ಹಪ್ಪಳ ಸುಟ್ಟು ಕೊಟ್ಟರು, ಮಳೆಗಾಲದಿಂದ ಯಾರಿಗೂ ಮುಟ್ಟಲು ಬಿಡದೆ ಇಟ್ಟದ್ದನ್ನು.

ನನ್ನ ತಲೆಯಲ್ಲಿ ಒಂದು ಉಪಾಯ ಹುಟ್ಟಿತ್ತು. ಮಂಗಳವಾರ ಬೀಡಿ ಕಂಪೆನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಟ್ಟು, ಅಲ್ಲಿಂದಲೇ ಮೂಡುಬಿದಿರೆಯ ಬಸ್ಸು ಹತ್ತುವುದು. ನೀರುದೋಸೆ, ಕೋಳಿ ಸಾರು ಕಟ್ಟಿಕೊಂಡು ಹೋಗುವುದು. ಊಟದ ಗಂಟೆಗೆ ಕಾಲೇಜಿನ ಗೇಟಿನ ಒಳಗೆ ಹೋಗಿ, ಅವಳು ಎಲ್ಲಿ ಕೂತಿದ್ದಾಳೋ ಅಲ್ಲೇ ಪಕ್ಕದಲ್ಲಿ ಕೂತು ಒಟ್ಟಿಗೆ ಉಣ್ಣುವುದು. ನನ್ನ ಮಗಳು ಒಬ್ಬಳೇ ಅಲ್ಲ ಎಂದು ಆ ಪ್ರಾಪ್ತಿ ನೋಡಲಿ. ಕುಸುಮ ತಲೆಯ ಮೇಲೆ ಕೈಯಿಟ್ಟಳು, ಅಷ್ಟೆ. ನಾನು ಹೋಗಿ ಕೂರುತ್ತೇನೆ. ಇವರ ಹತ್ತಿರ ಹೇಳಿದಾಗ "ಅವಳನ್ನು ಕೇಳಿ ಹೋಗುದು ಒಳ್ಳೇದಲ್ವಾ?" ಎಂದರು. ಗಂಡಸರಿಗೆ ಇದೆಲ್ಲ ಗೊತ್ತಾಗುವುದಿಲ್ಲ ಎಂದುಕೊಂಡು ಸೀರೆ ತೆಗೆದಿಟ್ಟೆ.

ಸೋಮವಾರ ಸಂಜೆ ಮೋಕ್ಷಿ ಬಂದು ಚಾ ತೆಗೆದುಕೊಂಡು ನಾನು ಎಲೆ ಕತ್ತರಿಸುವಲ್ಲಿ ಕೂತಳು.

"ಎಲ್ಲಿಯವರೆಗೆ ಓದಿದ್ದೆ ನೀನು?"

"ಮೆಟ್ಟಿಲಿನವರೆಗೆ."

"ಮುಂದೆ ಎಂತ ಆಗ್ತದೆ ಗೊತ್ತುಂಟಾ?"

"ಇಲ್ಲ."

"ಅವಳ ಅಮ್ಮನಿಗೆ ಗೊತ್ತಾಗ್ತದೆ. ಬ್ಯಾಂಕಿಗೆ ರಜೆ ಹಾಕಿ, ಡಬ್ಬಿ ಹಿಡ್ಕೊಂಡು ಕಾಲೇಜಿಗೆ ಬರ್ತಾಳೆ. ಮೆಟ್ಟಿಲ ಕೆಳಗೆ ಅವಳೊಟ್ಟಿಗೆ ಕೂತು ಊಟ ಮಾಡ್ತಾಳೆ."

ಕತ್ತರಿ ನನ್ನ ಕೈಯಲ್ಲಿ ಬಾಯಿ ತೆರೆದು ನಿಂತಿತು. ಅದನ್ನೂ ಅವಳು ನನಗಿಂತ ಮೊದಲೇ ಮಾಡಿ ಮುಗಿಸಿದ್ದಳು, ಆ ಬ್ಯಾಂಕಿನವಳು.

"ಚಂದ ಉಂಟಲ್ಲ" ಎಂದೆ ಹೇಗೋ.

"ಎಂತ ಚಂದ? ಮಂಡೆ!" ಮೋಕ್ಷಿ ಲೋಟ ಕುಕ್ಕಿದಳು. "ಅಮ್ಮ ಬಂದು ಕೂತ್ರೆ ಮರುದಿನ ಕಾಲೇಜಿಗೆ ಮುಖ ತೋರಿಸ್ಲಿಕ್ಕುಂಟಾ? ಎಲ್ರೂ ಅದನ್ನೇ ಹೇಳಿ ಹೇಳಿ ಕೊಲ್ತಾರೆ. ಪುಸ್ತಕ ಇಡೀ ಲಾಯ್ಕುಂಟು, ಆ ಒಂದು ಭಾಗ ಲೊಟ್ಟೆ. ಬರೆದವರಿಗೆ ಅಮ್ಮನನ್ನು ಎಂತ ಮಾಡುದು ಅಂತ ಗೊತ್ತಾಗ್ಲಿಲ್ಲ, ಕರ್ಕೊಂಡು ಬಂದು ಕೂರಿಸಿಬಿಟ್ಟಿದ್ದಾರೆ. ಚಿಕ್ಕಮ್ಮ ಅದಕ್ಕೆ ಅತ್ತುಬಿಟ್ರು, ನಂಗೆ ನಗು ಬಂತು."

ಕುಸುಮ ಅತ್ತಳೇ? ಆ ಜಾಗಕ್ಕೆ? ನನಗಾದ ಸಂತೋಷ ಹೇಳಿಕೊಳ್ಳುವಂಥದ್ದಲ್ಲ. ಆದರೆ ಅದರ ಬೆನ್ನಿಗೇ ಮಡಚಿಟ್ಟ ಸೀರೆ ನೆನಪಾಗಿ ಮುಖ ಬಿಸಿಯಾಯಿತು. ಮುಚ್ಚಿಡಬಹುದಿತ್ತು. ಈ ಮನೆಯಲ್ಲಿ ಮುಚ್ಚಿಟ್ಟದ್ದು ಸಾಕು ಎನ್ನಿಸಿತು.

"ನಾಳೆ ನಾನು ಬರ್ಲಿಕ್ಕಿದ್ದೆ."

"ಎಲ್ಲಿಗೆ?"

"ನಿನ್ನ ಕಾಲೇಜಿಗೆ. ನೀರುದೋಸೆ ಕಟ್ಟಿಕೊಂಡು."

ಅವಳು ನನ್ನನ್ನೇ ನೋಡಿದಳು. ಭೂತ ಕಂಡವಳ ಹಾಗೆ ನೋಡಿದಳು. "ಅಮ್ಮಾ!"

"ಕೋಳಿ ಸಾರೂ ಮಾಡ್ಲಿಕ್ಕಿತ್ತು."

"ಕೋಳಿ ಸಾರಾ? ಗೇಟಿನಿಂದ ಪರಿಮಳ ಬರ್ತಿತ್ತು! ಸೀರೆ ಯಾವುದು? ಆ ಕೆಂಪು ಜರಿಯದ್ದಾ?"

"ಅದೇ."

ಅವಳು ಮೊಣಕಾಲಿಗೆ ಮುಖ ಒತ್ತಿದಳು. ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೆ ಎಂದುಕೊಂಡೆ, ಹೌದು, ನಗುತ್ತಿದ್ದಳು. ಆದರೆ ಮುಖ ಎತ್ತಿದಾಗ ಕಣ್ಣೂ ಒದ್ದೆಯಾಗಿತ್ತು. ನಾನು ಕೈ ಚಾಚಲಿಲ್ಲ. ಕೈ ತುಂಬ ತಂಬಾಕಿತ್ತು. ಕತ್ತರಿ ತೆಗೆದುಕೊಂಡು ಎಲೆ ಕತ್ತರಿಸತೊಡಗಿದೆ. ನನ್ನ ಕಣ್ಣು ಮಾತ್ರ ತುಂಬಬಾರದು ಎಂದು ಹಲ್ಲು ಕಚ್ಚಿ ಹಿಡಿದೆ, ತುಂಬಿತು. ಅವಳು ಅದನ್ನು ನೋಡಿದಳು. ಹಿಂದೆ ಆಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದಳು.

"ನಾನು ಮೆಟ್ಟಿಲ ಕೆಳಗೆ ಕೂರುದಿಲ್ಲ" ಎಂದಳು. "ಲ್ಯಾಬಿನ ಹಿಂದೆ ನಳ್ಳಿ ಉಂಟು, ಅಲ್ಲಿ ಕಟ್ಟೆಯಲ್ಲಿ. ನೆರಳುಂಟು. ಒಂದು ಬೆಕ್ಕು ಬರ್ತದೆ. ಸ್ಯಾಂಡ್‌ವಿಚ್ಚು ಅರ್ಧ ತಿಂದದ್ದು ಅದು."

"ಯಾಕೆ ಮಗಾ ಅವರು..."

"ಯಾಕೆ ಅಂತ ನಂಗೂ ಗೊತ್ತಿಲ್ಲ. ಮೊದಲು ಕರೀತಿದ್ರು, ಮತ್ತೆ ಕರೀಲಿಲ್ಲ. ಜಗಳವೂ ಆಗ್ಲಿಲ್ಲ. ಜಗಳ ಆಗಿದ್ರೆ ಸರಿ ಮಾಡ್ಬಹುದಿತ್ತು." ಲೋಟದ ತಳದ ಚಾ ಅಲುಗಿಸಿ ನೋಡಿದಳು. "ನೀನು ಎಂತದೂ ಮಾಡ್ಬೇಡ ಆಯ್ತಾ? ಬರ್ಬೇಡ. ಫೋನ್ ಮಾಡ್ಬೇಡ. ಅವರ ಅಮ್ಮಂದಿರ ಹತ್ರ ಮಾತಾಡ್ಬೇಡ."

"ಇಲ್ಲ."

"ಶನಿವಾರ ನೀನು ಆ ಸ್ವರ ಮಾಡಿದ್ದು..."

"ತಪ್ಪಾಯ್ತು ಮಗಾ. ನಿನ್ನ ಪುಸ್ತಕದ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು."

"ಪುಸ್ತಕದ ಮೇಲಾ?"

"ಪುಸ್ತಕದ ಮೇಲೆ. ಆ ಅಮ್ಮನ ಮೇಲೆ. ಚಿಕ್ಕಮ್ಮನ ಮೇಲೂ."

ಅವಳು ನಗಲಿಲ್ಲ. ಎದ್ದು ಲೋಟ ತೊಳೆದಿಟ್ಟಳು, ಕೋಣೆಯಿಂದ ಪುಸ್ತಕ ತಂದಳು. ನನ್ನ ಹತ್ತಿರ ಕೂತು ಓದುತ್ತಾಳೆ ಎಂದು ನಾನು ಮೊರ ಸರಿಸಿ ಜಾಗ ಮಾಡಿದೆ. ಅವಳು ಚಪ್ಪಲಿ ಹಾಕಿಕೊಂಡಳು.

"ಕೊನೆಯ ಭಾಗ ಬಾಕಿ ಉಂಟು. ಚಿಕ್ಕಮ್ಮ ಕಾಯ್ತಾ ಇದ್ದಾರೆ."

"ಹೋಗು" ಎಂದೆ. ಅವಳು ಅಂಗಳದ ಅರ್ಧಕ್ಕೆ ಹೋಗಿದ್ದಳು, ನನಗೆ ತಡೆಯಲಾಗಲಿಲ್ಲ. "ಮೋಕ್ಷೀ, ಆ ಬೆಕ್ಕಿನದ್ದು ಚಿಕ್ಕಮ್ಮನಿಗೂ ಗೊತ್ತುಂಟಾ?"

ಅವಳು ತಿರುಗಿ ನಿಂತಳು. ನನಗೆ ಯಾವ ಉತ್ತರ ಬೇಕು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಜುಲೈಯಿಂದ ಅಂಥ ಉತ್ತರಗಳನ್ನೇ ಅವಳು ನನಗೆ ಚಾದ ಜೊತೆ ಕೊಡುತ್ತಾ ಬಂದಿದ್ದಳು.

"ಉಂಟು ಅಮ್ಮ" ಎಂದಳು. "ಅವರಿಗೆ ಮೊದಲೇ ಗೊತ್ತುಂಟು."

ನನ್ನ ಮುಖ ಹೇಗಾಯಿತೋ, ಅದನ್ನು ಅವಳು ನೋಡಿದಳು. ಆದರೂ ಮಾತನ್ನು ತಿದ್ದಲಿಲ್ಲ.